ಅಮಲು, ಒಪ್ಪಿಗೆ ಮತ್ತು ಒಂದು ವಾಕ್ಯದ ವ್ಯಾಕರಣ



ನಮ್ಮ ಬಳಗದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕತೆ, ಕವನ, ಪುಸ್ತಕ ಪರಿಚಯಗಳದ್ದೇ ಕಾರುಬಾರು. ಈ ಸಲ ನನಗೆ ಸಿಕ್ಕ ಜಾಗವನ್ನು ಒಂದು ಕಾನೂನಿನ ವಿಷಯಕ್ಕೆ ಬಳಸಿಕೊಳ್ಳುತ್ತಿದ್ದೇನೆ. ನಾನು ವಕೀಲನಲ್ಲ, ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವವನು. ಆದರೆ ಈ ವಿಷಯದ ಮಧ್ಯೆ ಇರುವುದು ಒಂದೇ ಒಂದು ವಾಕ್ಯ, ಮತ್ತು ಅದನ್ನು ಹೇಗೆ ಓದಬೇಕು ಎಂಬ ಜಗಳ. ವಾಕ್ಯ ಓದುವ ಜಗಳ ನಮ್ಮ ಬಳಗಕ್ಕೇನೂ ಹೊಸದಲ್ಲವಷ್ಟೆ!

ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಅನೇಕರ ಮಕ್ಕಳು ಕಾಲೇಜಿಗೆಂದು ಮನೆ ಬಿಟ್ಟಿದ್ದಾರೆ, ಇಲ್ಲವೇ ಬಿಡುವ ಹೊಸ್ತಿಲಲ್ಲಿದ್ದಾರೆ. ಹೊರಡುವಾಗ ನಾವು ಚಟ್ನಿಪುಡಿಯ ಡಬ್ಬಿ ಕೊಟ್ಟು, "ಕುಡಿಯೋದು ಗಿಡಿಯೋದು ಕಲೀಬೇಡ" ಎಂದು ಒಂದು ಮಾತು ಹೇಳಿ ಕಳಿಸುತ್ತೇವೆ. ಅದರಾಚೆಯ ವಿಷಯಕ್ಕೆ ನಮ್ಮ ಮನೆಗಳಲ್ಲಿ ಮಾತೇ ಇಲ್ಲ. ಮಗಳಿಗೂ ಇಲ್ಲ, ಮಗನಿಗಂತೂ ಇಲ್ಲವೇ ಇಲ್ಲ.

ಮಿನೆಸೋಟದ ಒಂದು ರಾತ್ರಿ

2017ರ ಮೇ ತಿಂಗಳು. ಮಿನಿಯಾಪೊಲಿಸ್ ನಗರದಲ್ಲಿ ಒಬ್ಬ ಯುವತಿ ಐದಾರು ಪೆಗ್ ವೋಡ್ಕಾ ಕುಡಿದಿದ್ದಾಳೆ. ಜೊತೆಗೆ ಒಂದು ನೋವಿನ ಮಾತ್ರೆಯನ್ನೂ ನುಂಗಿದ್ದಾಳೆ. ಎರಡನ್ನೂ ಯಾರೂ ಬಲವಂತವಾಗಿ ಕೊಟ್ಟದ್ದಲ್ಲ. ಗೆಳತಿಯ ಜೊತೆ ಒಂದು ಬಾರಿಗೆ ಹೋದರೆ, ಅಮಲು ಹೆಚ್ಚಾಗಿದೆ ಎಂದು ಬಾಗಿಲಲ್ಲೇ ತಡೆಯುತ್ತಾರೆ. ಹೊರಗೆ ಸಿಕ್ಕ ಅಪರಿಚಿತರು ಪಾರ್ಟಿ ಇದೆ ಬನ್ನಿ ಎಂದು ಒಂದು ಮನೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಪಾರ್ಟಿ ಇರುವುದಿಲ್ಲ. ಆಕೆ ಸೋಫಾದ ಮೇಲೆ ಬಿದ್ದು ನಿದ್ದೆ ಹೋಗುತ್ತಾಳೆ. ಎಚ್ಚರವಾದಾಗ ಅವರಲ್ಲೊಬ್ಬ ಆಕೆಯ ಮೇಲೆ ಅತ್ಯಾಚಾರ ನಡೆಸುತ್ತಿದ್ದ ಎಂಬುದು ಆಕೆಯ ಸಾಕ್ಷ್ಯ. ಬೇಡ ಎಂದಳು, ಮತ್ತೆ ಪ್ರಜ್ಞೆ ತಪ್ಪಿತು.

ಮೊಕದ್ದಮೆ ನಡೆಯಿತು. ಆರೋಪಗಳಲ್ಲಿ ಮುಖ್ಯವಾದದ್ದು, ಆಕೆ "ಮಾನಸಿಕವಾಗಿ ಅಸಮರ್ಥ" ಸ್ಥಿತಿಯಲ್ಲಿದ್ದಳು, ಅದು ಅವನಿಗೆ ಗೊತ್ತಿತ್ತು ಅಥವಾ ಗೊತ್ತಾಗಬೇಕಿತ್ತು ಎಂಬುದು. ತೀರ್ಪು ಕೊಡಲು ಒಳಗೆ ಕುಳಿತ ಜ್ಯೂರಿಯವರಿಗೆ ಒಂದು ಸಂಶಯ ಬಂತು: ತಾನಾಗಿಯೇ ಕುಡಿದವಳನ್ನೂ ಹೀಗೆ ಅಸಮರ್ಥಳು ಎನ್ನಬಹುದೇ? ಬಹುದು ಎಂದು ನ್ಯಾಯಾಧೀಶರು ಉತ್ತರ ಕೊಟ್ಟರು. ಜ್ಯೂರಿ ಅವನನ್ನು ಅಪರಾಧಿ ಎಂದಿತು. ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ 2021ರ ಮಾರ್ಚ್ 24ರಂದು ಮಿನೆಸೋಟ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಆ ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಸ್ಟೇಟ್ ವರ್ಸಸ್ ಖಲೀಲ್ ಎಂಬ ಈ ಪ್ರಕರಣ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಕೋರ್ಟು ಆಕೆ ಸುಳ್ಳು ಹೇಳಿದಳು ಎನ್ನಲಿಲ್ಲ, ಅವನು ನಿರಪರಾಧಿ ಎಂದೂ ಹೇಳಲಿಲ್ಲ. ಅದು ಹೇಳಿದ್ದು ಇಷ್ಟೆ: ಜ್ಯೂರಿಗೆ ಕಾನೂನಿನ ವಾಕ್ಯವನ್ನು ತಪ್ಪಾಗಿ ಓದಿ ಹೇಳಲಾಗಿದೆ.

ಆವರಣ ಚಿಹ್ನೆ ಎಲ್ಲಿ?

ಆ ವಾಕ್ಯದ ಸಾರಾಂಶ ಹೀಗಿದೆ. ಮದ್ಯ, ಮಾದಕವಸ್ತು, ಅರಿವಳಿಕೆ, ಬೇರಾವುದೇ ಪದಾರ್ಥ ಎಂದು ನಾಲ್ಕು ಹೆಸರುಗಳ ಪಟ್ಟಿ. ಪಟ್ಟಿ ಮುಗಿದ ಮೇಲೆ ಒಂದು ಅಲ್ಪವಿರಾಮ. ಆಮೇಲೆ "ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಕೊಡಲಾದ" ಎಂಬ ವಿಶೇಷಣ. ಇವುಗಳ ಪ್ರಭಾವದಿಂದ ವಿವೇಚನೆಯ ಸಮ್ಮತಿ ಕೊಡುವ ಶಕ್ತಿ ಕಳೆದುಕೊಂಡವರು ಮಾನಸಿಕವಾಗಿ ಅಸಮರ್ಥರು.

ಪ್ರಶ್ನೆ ಇರುವುದು ಆ ವಿಶೇಷಣ ಯಾವುದಕ್ಕೆ ಅಂಟಿಕೊಂಡಿದೆ ಎಂಬುದರಲ್ಲಿ. ಕೊನೆಯ "ಬೇರಾವುದೇ ಪದಾರ್ಥ"ಕ್ಕೆ ಮಾತ್ರ ಎಂದು ಸರ್ಕಾರದ ವಾದ. ಹಾಗೆ ಓದಿದರೆ, ಮದ್ಯವನ್ನು ತಾನೇ ಕುಡಿದವರಿಗೂ ರಕ್ಷಣೆ ಇದೆ. ನಾಲ್ಕಕ್ಕೂ ಸೇರಿ ಎಂದು ಆರೋಪಿಯ ವಾದ. ಹಾಗೆ ಓದಿದರೆ, ಮದ್ಯವನ್ನು ಬೇರೆಯವರು ಮೋಸದಿಂದಲೋ ಬಲವಂತದಿಂದಲೋ ಕುಡಿಸಿದ್ದರೆ ಮಾತ್ರ ಈ ವ್ಯಾಖ್ಯೆ ಅನ್ವಯ.

ಪ್ರೋಗ್ರಾಂ ಬರೆಯುವವರಿಗೆ ಇದು ದಿನನಿತ್ಯದ ತಲೆನೋವು. "ಅಥವಾ, ಅಥವಾ, ಅಥವಾ, ಮತ್ತು" ಎಂದು ಸಾಲು ಬರೆದರೆ ಕಂಪ್ಯೂಟರ್ ತನ್ನ ನಿಯಮದಂತೆ ಗುಂಪು ಮಾಡಿಕೊಳ್ಳುತ್ತದೆ. ನಮ್ಮ ಮನಸ್ಸಿನಲ್ಲಿದ್ದದ್ದು ಅದಕ್ಕೆ ಬೇಕಿಲ್ಲ. ಆದ್ದರಿಂದ ಆವರಣ ಚಿಹ್ನೆ ಹಾಕಿ ಬರೆಯಿರಿ ಎಂದು ಹೊಸಬರಿಗೆ ಹೇಳಿಕೊಡುತ್ತೇವೆ. ಕಾನೂನಿನ ವಾಕ್ಯಕ್ಕೆ ಆವರಣ ಚಿಹ್ನೆ ಇರುವುದಿಲ್ಲ. ಇಂಗ್ಲಿಷ್ ವ್ಯಾಕರಣದ ಸಹಜ ಓದಿನಲ್ಲಿ ವಿಶೇಷಣ ಇಡೀ ಪಟ್ಟಿಗೆ ಅನ್ವಯಿಸುತ್ತದೆ ಎಂದು ಕೋರ್ಟ್ ತೀರ್ಮಾನಿಸಿತು. ಸಾಮಾನ್ಯರ ಮಾತಿನಲ್ಲಿ ತಾನಾಗಿ ಕುಡಿದು ಮತ್ತೇರಿದವರನ್ನೂ ಅಸಮರ್ಥರು ಎನ್ನಬಹುದು. ಆದರೆ ಶಾಸಕರು ಆ ಪದಕ್ಕೆ ತಾವೇ ಅರ್ಥ ಬರೆದಿಟ್ಟಿರುವಾಗ ನಾವು ತಿದ್ದಿ ಬರೆಯಲಾಗದು ಎಂಬುದು ಅದರ ನಿಲುವು.

ಕುತೂಹಲಕ್ಕೆ ನಾನು ಈ ವಾಕ್ಯವನ್ನು ಕನ್ನಡಕ್ಕೆ ತರಲು ಕುಳಿತೆ. ಒಂದು ರೀತಿ: "ಮದ್ಯ, ಮಾದಕವಸ್ತು, ಅರಿವಳಿಕೆ ಅಥವಾ ಒಪ್ಪಿಗೆಯಿಲ್ಲದೆ ಕೊಡಲಾದ ಬೇರಾವುದೇ ಪದಾರ್ಥ". ಇನ್ನೊಂದು ರೀತಿ: "ಒಪ್ಪಿಗೆಯಿಲ್ಲದೆ ಕೊಡಲಾದ ಮದ್ಯ, ಮಾದಕವಸ್ತು, ಅರಿವಳಿಕೆ ಅಥವಾ ಬೇರಾವುದೇ ಪದಾರ್ಥ". ನೋಡಿ, ಕನ್ನಡದಲ್ಲಿ ವಿಶೇಷಣ ಹೆಸರಿಗಿಂತ ಮುಂಚೆ ಬರುತ್ತದೆ. ಹಾಗಾಗಿ ಅದನ್ನು ಪಟ್ಟಿಯ ತಲೆಯಲ್ಲಿಡಬೇಕೋ ನಡುವೆ ಇಡಬೇಕೋ ಎಂದು ಬರೆಯುವವನು ಮೊದಲೇ ನಿರ್ಧರಿಸಲೇಬೇಕು. ಎರಡನೆಯ ರೀತಿಯಲ್ಲೂ, ವಿಶೇಷಣ ಮದ್ಯಕ್ಕೆ ಮಾತ್ರವೇ ಎಂದು ತಕರಾರು ತೆಗೆಯಬಹುದು ಅನ್ನಿ. ಆದರೆ ಮಿನೆಸೋಟದ ಜಗಳ ಮಾತ್ರ ಹುಟ್ಟುವುದಿಲ್ಲ. ಭಾಷಾಂತರಕಾರ ತೂಗಿ ನೋಡಿ ಒಂದು ಜಾಗ ಆರಿಸುವ ಆ ಕ್ಷಣದಲ್ಲೇ, ಒಬ್ಬಳ ದೂರು ನಿಲ್ಲುತ್ತದೋ ಬೀಳುತ್ತದೋ ಎಂಬುದು ನಿರ್ಧಾರವಾಗಿಬಿಡುತ್ತದೆ.

ತೀರ್ಪಿನಿಂದ ಎದ್ದ ಗದ್ದಲ ವ್ಯರ್ಥವಾಗಲಿಲ್ಲ. ಲೈಂಗಿಕ ಅಪರಾಧದ ಕಾನೂನುಗಳನ್ನು ಪರಿಶೀಲಿಸಲು ಅಲ್ಲಿನ ಶಾಸನಸಭೆ 2019ರಲ್ಲೇ ಒಂದು ಕಾರ್ಯತಂಡ ನೇಮಿಸಿತ್ತು. 2021ರ ಬೇಸಿಗೆಯಲ್ಲಿ ತಿದ್ದುಪಡಿ ಆಯಿತು. ಅದೇ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ಹಳೆಯ ಸಾಲನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಎರಡನೆಯ ಉಪವಾಕ್ಯ ಸೇರಿಸಿದರು: ಯಾವುದೇ ಪದಾರ್ಥದ ಪ್ರಭಾವದಿಂದ ಸಮ್ಮತಿ ಕೊಡಲಾಗದಷ್ಟು, ಅಥವಾ ತನ್ನ ನಡವಳಿಕೆಯನ್ನು ಅರಿಯಲು, ಹತೋಟಿಯಲ್ಲಿಡಲು ಆಗದಷ್ಟು ಅಮಲೇರಿದವರೂ ಅಸಮರ್ಥರೇ. ಗ್ಲಾಸು ತುಂಬಿಸಿದ್ದು ಯಾರು ಎಂಬ ಪ್ರಶ್ನೆ ಇಲ್ಲಿ ಇಲ್ಲ.

ಕುಡಿಸಿದವರು ಯಾರು ಎಂಬ ಹಳೆಯ ಪ್ರಶ್ನೆ

ಆ ಪ್ರಶ್ನೆ ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಿ 1845ರ ಕ್ಯಾಂಪ್ಲಿನ್ ಎಂಬ ಪ್ರಕರಣ ಇದೆ. ಒಬ್ಬ ಎಳೆಯ ಹುಡುಗಿಗೆ ಮದ್ಯ ಕುಡಿಸಿ, ಪ್ರಜ್ಞೆ ತಪ್ಪಿದಾಗ ಅತ್ಯಾಚಾರ ಮಾಡಿದ ಪ್ರಕರಣ. ಆಕೆ ಪ್ರತಿಭಟಿಸಲಿಲ್ಲವಲ್ಲ ಎಂಬ ವಾದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಅದು ಅತ್ಯಾಚಾರವೇ ಎಂದರು. ಒಳ್ಳೆಯ ತೀರ್ಪು. ಆದರೆ ಅಲ್ಲಿ ಕುಡಿಸಿದವನೂ ಅವನೇ. ಮೋಸದಿಂದ ಕುಡಿಸಿದ ಖಳನ ಚಿತ್ರ ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಕಾನೂನುಗಳು ಆಮೇಲೆ ಹಲವೆಡೆ ಬಂದವು. ತಾನೇ ಕುಡಿದವಳು ಆ ಚಿತ್ರದ ಹೊರಗೆ ಉಳಿದಳು.

ಅಮೆರಿಕದಲ್ಲಿ ಈ ಕಾನೂನು ರಾಜ್ಯಕ್ಕೊಂದು ಥರ. ಉದಾಹರಣೆಗೆ ಕ್ಯಾಲಿಫೋರ್ನಿಯದ ಕಾನೂನು ಕೇಳುವುದು, ಅಮಲಿನಿಂದ ಆಕೆ ಪ್ರತಿರೋಧಿಸಲಾಗದ ಸ್ಥಿತಿಯಲ್ಲಿದ್ದಳೇ, ಅದು ಅವನಿಗೆ ತಿಳಿದಿತ್ತೇ ಅಥವಾ ತಿಳಿಯಬೇಕಿತ್ತೇ ಎಂದು. 2015ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಯುವತಿಯ ಮೇಲೆ ನಡೆದ ದೌರ್ಜನ್ಯವನ್ನು ಸೈಕಲ್‌ನಲ್ಲಿ ಹೋಗುತ್ತಿದ್ದ ಇಬ್ಬರು ಸ್ವೀಡನ್ ದೇಶದ ವಿದ್ಯಾರ್ಥಿಗಳು ಕಂಡು ತಡೆದರು. 2016ರಲ್ಲಿ ಆರೋಪಿಗೆ ಶಿಕ್ಷೆಯಾದದ್ದು ಕೇವಲ ಆರು ತಿಂಗಳ ಜೈಲು. ಅದೇ ವರ್ಷ ಕಾನೂನು ಬಿಗಿಯಾಯಿತು. 2018ರಲ್ಲಿ ಮತದಾರರು ಆ ನ್ಯಾಯಾಧೀಶರನ್ನು ಹುದ್ದೆಯಿಂದಲೇ ಇಳಿಸಿದರು. ಆ ಯುವತಿ, ಶಾನೆಲ್ ಮಿಲ್ಲರ್, 2019ರಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಂಡು ಬರೆದ "ನೋ ಮೈ ನೇಮ್" ಎಂಬ ಆತ್ಮಕಥನವನ್ನು ನಮ್ಮ ಬಳಗದವರು ಓದಬೇಕು.

ಎಚ್ಚರಕ್ಕೂ ಮೂರ್ಛೆಗೂ ನಡುವೆ

ಪೂರ್ತಿ ಪ್ರಜ್ಞೆ ತಪ್ಪಿದವರ ವಿಷಯದಲ್ಲಿ ತಕರಾರು ಕಡಿಮೆ. ನಿಜವಾದ ಕಷ್ಟ ಇರುವುದು ನಡುವಿನ ಸ್ಥಿತಿಯಲ್ಲಿ. ನಡೆಯುತ್ತಿದ್ದಾಳೆ, ಮಾತಾಡುತ್ತಿದ್ದಾಳೆ, ಆದರೆ ತಲೆ ತನ್ನದಾಗಿಲ್ಲ.

ಇದರ ಬಗ್ಗೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2007ರ ಮಾರ್ಚ್‌ನಲ್ಲಿ ಬ್ರೀ ಎಂಬ ಪ್ರಕರಣದಲ್ಲಿ ಕೊಟ್ಟ ತೀರ್ಪು ಪ್ರಸಿದ್ಧ. ಅಲ್ಲಿನ 2003ರ ಲೈಂಗಿಕ ಅಪರಾಧಗಳ ಕಾಯಿದೆಯ 74ನೆಯ ಕಲಂ ಪ್ರಕಾರ, ಸಮ್ಮತಿ ಎಂದರೆ ಆಯ್ಕೆ ಮಾಡುವ ಸ್ವಾತಂತ್ರ್ಯವೂ ಸಾಮರ್ಥ್ಯವೂ ಇದ್ದು ಆಯ್ದು ಒಪ್ಪುವುದು. ಬ್ರೀ ಪ್ರಕರಣದಲ್ಲಿ ಇಬ್ಬರೂ ಬಹಳ ಕುಡಿದಿದ್ದರು. ನ್ಯಾಯಾಲಯ ಎರಡು ಮಾತು ಹೇಳಿತು. ಒಂದು, ಎಷ್ಟೇ ಕುಡಿದಿದ್ದರೂ ಆಯ್ಕೆ ಮಾಡುವ ಸಾಮರ್ಥ್ಯ ಉಳಿದಿದ್ದು ಒಪ್ಪಿದ್ದರೆ ಅದು ಅತ್ಯಾಚಾರವಲ್ಲ. ಎರಡು, ಆ ಸಾಮರ್ಥ್ಯ ಪ್ರಜ್ಞೆ ತಪ್ಪುವುದಕ್ಕಿಂತ ಬಹಳ ಮುಂಚೆಯೇ ಆವಿಯಾಗಿ ಹೋಗಬಹುದು. ಈ ವ್ಯತ್ಯಾಸವನ್ನು ಜ್ಯೂರಿಗೆ ಸರಿಯಾಗಿ ವಿವರಿಸಿರಲಿಲ್ಲ ಎಂದು ಆ ಶಿಕ್ಷೆ ರದ್ದಾಯಿತು. ಮೊದಲ ಮಾತನ್ನು ಮಾತ್ರ ಹಿಡಿದು "ಕುಡಿದು ಕೊಟ್ಟ ಒಪ್ಪಿಗೆಯೂ ಒಪ್ಪಿಗೆಯೇ" ಎನ್ನುವವರು ಎರಡನೆಯದನ್ನು ಮರೆಯುತ್ತಾರೆ. ಎರಡನೆಯದನ್ನು ಮಾತ್ರ ಹಿಡಿದವರು, ಎರಡು ಗ್ಲಾಸ್ ವೈನ್ ಕುಡಿದ ಗಂಡ ಹೆಂಡಿರನ್ನೂ ಅಪರಾಧದ ಕಟ್ಟೆಗೆ ತರುತ್ತಾರೆ.

ಹಾಗಾದರೆ ಗೆರೆ ಎಳೆಯಲು ಒಂದು ಸಂಖ್ಯೆ ಇಟ್ಟುಬಿಟ್ಟರೆ? ಎಂಜಿನಿಯರ್ ಬುದ್ಧಿಗೆ ಮೊದಲು ಹೊಳೆಯುವುದು ಅದೇ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕಾರು ಓಡಿಸುವವರ ರಕ್ತದಲ್ಲಿ ಶೇಕಡಾ 0.08 ಮದ್ಯ ಇದ್ದರೆ ತಪ್ಪು, ಯೂಟಾದಲ್ಲಿ 0.05. ಸಮ್ಮತಿಗೆ ಇಂಥ ಅಂಕಿ ಇಲ್ಲ. ಅಭ್ಯಾಸಬಲದಿಂದ ಒಬ್ಬರು ತಡೆದುಕೊಂಡದ್ದು ಇನ್ನೊಬ್ಬರನ್ನು ಮಲಗಿಸಿಬಿಡುತ್ತದೆ. ಮೇಲಾಗಿ ದೂರು ಬರುವುದು ಎಷ್ಟೋ ಗಂಟೆಗಳ ಮೇಲೆ. ರಕ್ತದಲ್ಲಿನ ಮದ್ಯ ಗಂಟೆಗೆ ಸುಮಾರು ಶೇಕಡಾ 0.015ರಿಂದ 0.020ರಷ್ಟು ಇಳಿಯುತ್ತದೆ ಎಂಬ ಲೆಕ್ಕದಿಂದ ತಜ್ಞರು ಹಿಂದಕ್ಕೆ ಎಣಿಸುತ್ತಾರೆ, ಅದು ಅಂದಾಜು. ಜಿಎಚ್‌ಬಿಯಂಥ ಮತ್ತು ಬರಿಸುವ ಔಷಧವಂತೂ ಸುಮಾರು ಹನ್ನೆರಡು ಗಂಟೆಯಲ್ಲಿ ಮೂತ್ರದಿಂದಲೂ ಮಾಯ. ಆದ್ದರಿಂದ ಮೊಕದ್ದಮೆ ನಿಲ್ಲುವುದು ಬಹುಪಾಲು ಕಣ್ಣಿಗೆ ಕಂಡದ್ದರ ಮೇಲೆ: ನಡೆಯಲು ಆಸರೆ ಬೇಕಿತ್ತೇ, ಮಾತು ತೊದಲುತ್ತಿತ್ತೇ, ವಾಂತಿಯಾಯಿತೇ, ಕ್ಯಾಮೆರಾದಲ್ಲಿ ಏನಿದೆ, ಫೋನಿನ ಸಂದೇಶಗಳಲ್ಲಿ ಏನಿದೆ. ಮಿನೆಸೋಟದ ಪ್ರಕರಣದಲ್ಲಿ ಬಾರಿನ ಬಾಗಿಲಲ್ಲಿ ತಡೆದದ್ದು ಎಷ್ಟು ಮುಖ್ಯ ಎಂಬುದು ಈಗ ತಿಳಿಯುತ್ತದೆ. ಬಾಗಿಲು ಕಾಯುವವನಿಗೆ ಕಂಡ ಅಮಲು ಜೊತೆಯಲ್ಲಿ ಬಂದವನಿಗೆ ಕಾಣಲಿಲ್ಲ ಎಂದರೆ ನಂಬುವುದು ಹೇಗೆ?

ಇನ್ನೊಂದು ತೊಡಕು ನೆನಪಿನದು. ಮದ್ಯ ಬೇಗ ಏರಿದಾಗ ಮೆದುಳು ಹೊಸ ನೆನಪುಗಳನ್ನು ಬರೆದಿಡುವುದನ್ನೇ ನಿಲ್ಲಿಸುತ್ತದೆ. ಹಿಪ್ಪೊಕ್ಯಾಂಪಸ್ ಎಂಬ ಭಾಗದ ಕೆಲಸ ಕೆಡುತ್ತದೆ. ಆಗ ವ್ಯಕ್ತಿ ಎಚ್ಚರವಾಗಿದ್ದು ಮಾತಾಡುತ್ತಿದ್ದರೂ ಮರುದಿನ ಏನೂ ನೆನಪಿರುವುದಿಲ್ಲ, ಅಥವಾ ಚೂರುಚೂರು ಮಾತ್ರ ಇರುತ್ತದೆ. ಇದು ಮೂರ್ಛೆಯಲ್ಲ. ನೆನಪಿಲ್ಲ ಎಂಬುದರಿಂದ ಒಪ್ಪಿರಲಿಲ್ಲ ಎಂದು ಸಾಬೀತಾಗುವುದಿಲ್ಲ. ಒಪ್ಪಿದ್ದಳು ಎಂದೂ ಆಗುವುದಿಲ್ಲ. ಪ್ರತಿವಾದಿ ವಕೀಲರು "ನಿಮಗೇ ನೆನಪಿಲ್ಲವಲ್ಲ, ನೀವೇ ಒಪ್ಪಿರಬಹುದಲ್ಲ" ಎಂದು ಕೇಳುವುದು ಇಲ್ಲಿಯೇ. ಸಂಶಯಾತೀತವಾಗಿ ರುಜುವಾಗಬೇಕು ಎಂಬ ನಿಯಮ ನಮ್ಮೆಲ್ಲರ ರಕ್ಷಣೆಗೂ ಬೇಕಾದದ್ದೇ. ಹಾಗಾಗಿ ಖುಲಾಸೆಯಾಯಿತು ಎಂದ ಮಾತ್ರಕ್ಕೆ ದೂರು ಸುಳ್ಳು ಎಂದು ಊಹಿಸುವುದು ತಪ್ಪು.

ಅವನೂ ಕುಡಿದಿದ್ದ, ಅದಕ್ಕೇನು?

ಇಬ್ಬರೂ ಕುಡಿದಿದ್ದರೆ ಅವನೊಬ್ಬನೇ ಏಕೆ ಹೊಣೆ ಎಂದು ಕೇಳುವವರಿದ್ದಾರೆ. ಇಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಒಂದು, ತನಗಾಗುವುದಕ್ಕೆ ಒಪ್ಪುವ ಶಕ್ತಿ ಇತ್ತೇ ಎಂಬುದು. ಇನ್ನೊಂದು, ತಾನು ಮಾಡಿದ್ದಕ್ಕೆ ಹೊಣೆ ಇದೆಯೇ ಎಂಬುದು. ತಾನಾಗಿ ಕುಡಿದದ್ದು ಸಾಮಾನ್ಯವಾಗಿ ನೆಪವಾಗುವುದಿಲ್ಲ ಎಂದು ಹೆಚ್ಚಿನ ದೇಶಗಳ ಕಾನೂನು ಹೇಳುತ್ತದೆ. ಕೆನಡಾದಲ್ಲಿ 1994ರ ದಾವಿಯೊ ಪ್ರಕರಣದಲ್ಲಿ, ತನ್ನ ಅರಿವೇ ಇಲ್ಲದಷ್ಟು ಕುಡಿದವನು ಲೈಂಗಿಕ ದೌರ್ಜನ್ಯದ ಆರೋಪಕ್ಕೂ ಅದನ್ನು ಸಮರ್ಥನೆಯಾಗಿ ಮುಂದಿಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ಕೋಲಾಹಲವಾಯಿತು. 1995ರಲ್ಲಿ ಸಂಸತ್ತು ಆ ದಾರಿ ಮುಚ್ಚಿತು. ಆ ಕಲಂ ಸಂವಿಧಾನಕ್ಕೆ ವಿರುದ್ಧ ಎಂದು 2022ರ ಮೇ ತಿಂಗಳಲ್ಲಿ ತೀರ್ಪು ಬಂದಾಗ, ಮರುತಿಂಗಳೇ ಅಜಾಗರೂಕತೆಯ ಆಧಾರದ ಮೇಲೆ ಹೊಸ ಕಲಂ ಬಂತು. ಅಂತೂ ಒಂದು ಕೋರ್ಟು, ಒಂದು ಸಂಸತ್ತು ಇಪ್ಪತ್ತೆಂಟು ವರ್ಷ ಹಗ್ಗ ಜಗ್ಗಾಡಿದ ಪ್ರಶ್ನೆ ಇದು.

ಊರಿನ ಕಾನೂನು

ಈಗ ನಮ್ಮ ಕಡೆಗೆ ಬರೋಣ. ಆಶ್ಚರ್ಯವೆಂದರೆ 1860ರ ಭಾರತೀಯ ದಂಡಸಂಹಿತೆಯ 90ನೆಯ ಕಲಮೇ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಅಮಲಿನಿಂದಾಗಿ ತಾನು ಒಪ್ಪುತ್ತಿರುವುದರ ಸ್ವರೂಪ, ಪರಿಣಾಮ ತಿಳಿಯಲಾಗದವರು ಕೊಟ್ಟ ಸಮ್ಮತಿ ಸಮ್ಮತಿಯಲ್ಲ. ಯಾರು ಕುಡಿಸಿದರು ಎಂಬ ಮಾತೇ ಅಲ್ಲಿಲ್ಲ. 1983ರ ತಿದ್ದುಪಡಿ ಇದನ್ನು ಅತ್ಯಾಚಾರದ ವ್ಯಾಖ್ಯೆಯೊಳಗೇ ತಂದಿತು. ಅಲ್ಲಿ "ಅಮಲು" ಎಂದು ಒಂದು, "ಅವನು ತಾನಾಗಿ ಅಥವಾ ಬೇರೆಯವರ ಮೂಲಕ ಕೊಟ್ಟ ಮತ್ತು ಬರಿಸುವ ಪದಾರ್ಥ" ಎಂದು ಇನ್ನೊಂದು, ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದ್ದಾರೆ. ಮಿನೆಸೋಟದ ಗೊಂದಲಕ್ಕೆ ಅವಕಾಶವೇ ಇಲ್ಲ! 2013ರ ತಿದ್ದುಪಡಿ, ಸಮ್ಮತಿ ಎಂದರೆ ನಿಸ್ಸಂದಿಗ್ಧವಾದ, ಸ್ವಇಚ್ಛೆಯ ಒಪ್ಪಿಗೆ ಎಂದು ಬಿಡಿಸಿ ಹೇಳಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನುವಂತಿಲ್ಲ ಎಂದಿತು. "ಮೌನಂ ಸಮ್ಮತಿ ಲಕ್ಷಣಂ" ಎಂದು ಗಾದೆ ಹೇಳುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 28 ಮತ್ತು 63ನೆಯ ಕಲಮುಗಳಲ್ಲಿ ಇವೇ ಮುಂದುವರಿದಿವೆ.

ವಾಕ್ಯ ಸರಿಯಾಗಿದೆ. ಆದರೆ ಓದುವ ಕಣ್ಣು? 2020ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಅತ್ಯಾಚಾರ ಆರೋಪದಲ್ಲಿ ನಿರೀಕ್ಷಣಾ ಜಾಮೀನು ಕೊಡುವಾಗ, ದೂರುದಾರಳು ರಾತ್ರಿ ಹನ್ನೊಂದಕ್ಕೆ ಕಚೇರಿಗೆ ಏಕೆ ಹೋದಳು, ಅವನ ಜೊತೆ ಕುಡಿಯಲು ಏಕೆ ಆಕ್ಷೇಪಿಸಲಿಲ್ಲ ಎಂದು ಕೇಳಿತು. ಆಮೇಲೆ ಸುಸ್ತಾಗಿ ನಿದ್ದೆ ಹೋದೆ ಎಂಬ ವಿವರಣೆ ಭಾರತೀಯ ನಾರಿಗೆ ತಕ್ಕದ್ದಲ್ಲ ಎಂದಿತು. ದೊಡ್ಡ ಟೀಕೆ ಬಂದ ಮೇಲೆ ಆ ಸಾಲನ್ನು ಆದೇಶದಿಂದ ತೆಗೆಯಲಾಯಿತು. 2021ರ ಮಾರ್ಚ್ 18ರಂದು ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಧೀಶರು ದೂರವಿಡಬೇಕಾದ ಪೂರ್ವಗ್ರಹಗಳನ್ನು ಪಟ್ಟಿಮಾಡಿತು. ಹೆಂಗಸು ಮದ್ಯಪಾನ ಮಾಡಿದರೆ ಗಂಡಸಿನ ಅತಿಕ್ರಮಣಕ್ಕೆ ತಾನೇ ಆಹ್ವಾನ ಕೊಟ್ಟಂತೆ ಎಂಬ ಭಾವನೆ ಆ ಪಟ್ಟಿಯಲ್ಲಿದೆ. ಮಿನೆಸೋಟದ ತೀರ್ಪು ಬಂದದ್ದು ಅದಾಗಿ ಆರೇ ದಿನಕ್ಕೆ. ಒಂದು ಕಡೆ ಕಣ್ಣು ತೆರೆದಿದ್ದರೂ ವಾಕ್ಯ ಬಿಡಲಿಲ್ಲ. ಇನ್ನೊಂದು ಕಡೆ ವಾಕ್ಯ ತೆರೆದಿತ್ತು, ಕಣ್ಣಿಗೆ ಪೊರೆ ಇತ್ತು.

ಕುಡಿದವನ ಜಮೀನಿನ ಬಗ್ಗೆ ನಮಗೆ ಇಂಥ ಗೊಂದಲವೇನೂ ಇಲ್ಲ, ಗಮನಿಸಿದ್ದೀರಾ? ಅಮಲಿನಲ್ಲಿದ್ದವನ ಹೆಬ್ಬೆಟ್ಟು ಒತ್ತಿಸಿಕೊಂಡು ಗದ್ದೆ ಬರೆಸಿಕೊಂಡ ಸಾಹುಕಾರನ ಕತೆ ನಮ್ಮ ಪ್ರತಿ ಊರಿನಲ್ಲೂ ಇದೆ. ಕೇಳಿದವರೆಲ್ಲ ಸಾಹುಕಾರನನ್ನೇ ಬಯ್ಯುತ್ತಾರೆ. ಕರಾರಿನ ಷರತ್ತು ತಿಳಿಯಲಾಗದಷ್ಟು ಕುಡಿದವನು, ಆ ಅಮಲು ಇರುವ ತನಕ, ಕರಾರು ಮಾಡಲಾರ ಎಂದು 1872ರ ಭಾರತೀಯ ಕರಾರು ಕಾಯಿದೆಯ 12ನೆಯ ಕಲಂ ಉದಾಹರಣೆ ಸಮೇತ ಹೇಳಿದೆ. ಹೆಂಡ ತಾನೇ ಕುಡಿದನೋ ಸಾಹುಕಾರ ಕುಡಿಸಿದನೋ ಎಂದು ಅದು ಕೇಳುವುದಿಲ್ಲ. ಎರಡು ಎಕರೆ ಗದ್ದೆಗೆ ಕೊಟ್ಟ ರಕ್ಷಣೆಯನ್ನು ಒಬ್ಬಳ ಮೈಗೆ ಕೊಡಲು ನಮಗೇಕೆ ಇಷ್ಟು ಅನುಮಾನ?

ಮಕ್ಕಳಿಗೆ ಕಾನೂನಿನ ಕಲಂ ಹೇಳಿಕೊಡಬೇಕಿಲ್ಲ. ಮಗನಿಗೆ ಈ ಗದ್ದೆಯ ಕತೆ ಹೇಳಿದರೆ ಸಾಕು: ಎದುರಿಗಿರುವವರಿಗೆ ಏನಾಗುತ್ತಿದೆ ಎಂದು ತಿಳಿಯುವ ಸ್ಥಿತಿ ಇಲ್ಲದಿದ್ದರೆ, ಅವರು "ಹೂಂ" ಎಂದರೂ ಅದು ಹೆಬ್ಬೆಟ್ಟು ಮಾತ್ರ. ಸಂಶಯ ಬಂದರೆ ನೀರು ಕೊಟ್ಟು, ಅವರ ಗೆಳೆಯರಿಗೆ ಫೋನ್ ಮಾಡಿ, ಮನೆ ತಲುಪಿಸಿ ಬಾ. ಮಗಳಿಗೆ ಇನ್ನೊಂದು ಮಾತು: ಏನೇ ಆದರೂ, ಕುಡಿದಿದ್ದೆ ಎಂಬ ಅಳುಕಿನಿಂದ ನಮಗೆ ಫೋನ್ ಮಾಡದೆ ಇರಬೇಡ. ಆ ರಾತ್ರಿ ನಾವು ಮೊದಲು ಕೇಳುವ ಪ್ರಶ್ನೆ "ಎಷ್ಟು ಕುಡಿದಿದ್ದೆ" ಎಂದಾಗಿರುವುದಿಲ್ಲ.

ಈ ಭರವಸೆಯನ್ನು ಅವಳು ಹೊರಡುವ ಮೊದಲೇ, ಚಟ್ನಿಪುಡಿಯ ಡಬ್ಬಿ ಕಟ್ಟುವಾಗಲೇ ಹೇಳಿಬಿಡುವುದು ಒಳ್ಳೆಯದು.